ಗಜೇಂದ್ರಗಡದ ಲೂಟಿನ ಆರನೆಯ ಜೋಡಿ

ಕೊರೋನಾ ಮುಗಿದು ಬಸ್ಸುಗಳು ಮತ್ತೆ ತುಂಬಿ ಓಡಾಡತೊಡಗಿದ ವರ್ಷ ಅದು. ನಾನು ಧಾರವಾಡದ ಒಂದು ಸಂಗೀತ ಕಾಲೇಜಿನಲ್ಲಿ ವಾದ್ಯ ದುರಸ್ತಿ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ಕಟ್ಟಡದ ಹಿಂಬದಿಯ ಉದ್ದನೆಯ ಕೋಣೆ, ಒಂದು ದೊಡ್ಡ ಮೇಜು, ಅಂಟಿನ ವಾಸನೆ ಮತ್ತು ನಾನು. ತಂಬೂರಿ, ಸಿತಾರ್, ಹಾರ್ಮೋನಿಯಂಗಳೇ ದಿನದ ಕೆಲಸ. ಸೇವೆಯ ನಡುವೆ ಒಮ್ಮೆ ಕಾಲೇಜಿನವರು ನನ್ನನ್ನು ಪೋರ್ಚುಗಲ್ಲಿಗೆ ತರಬೇತಿಗೆ ಕಳಿಸಿದ್ದರು. ಯುರೋಪಿನ ಹಳೆಯ ತಂತಿವಾದ್ಯಗಳನ್ನು ಬಿಚ್ಚಿ ಕಟ್ಟುವುದನ್ನು ಅಲ್ಲಿ ಕಲಿತಿದ್ದೆ. ಊರಿಗೆ ಮರಳಿದ ಮೇಲೆ ಆ ವಿದ್ಯೆ ಯಾವ ಕೆಲಸಕ್ಕೂ ಬಂದಿರಲಿಲ್ಲ. ಹಾಗಾಗಿ ಒಂದು ಬೆಳಗ್ಗೆ ಬಂದ ಫೋನು ಮೊದಲು ನನಗೆ ತಿಳಿಯಲೇ ಇಲ್ಲ.

"ಅಕ್ಕಾರ, ನಿಮಗ ಲೂಟ್ ನೋಡಾಕ ಬರತೈತೇನ್ರಿ?" ಎಂದು ಒಂದು ಹೆಣ್ಣು ದನಿ ಕೇಳಿತು.

ಲೂಟಿಯ ಸುದ್ದಿ ಎಂದುಕೊಂಡು, "ಪೊಲೀಸರಿಗೆ ಹೇಳಬೇಕಲ್ಲವ್ವ" ಎಂದೆ.

"ಆ ಲೂಟಿ ಅಲ್ರಿ. ಬಾರಸೂ ಲೂಟ್. ನಮ್ಮ ಯಜಮಾನ್ರು ಗೋವಾದಿಂದ ತಂದದ್ದು. ಕೊರಳು ಹಿಂದಕ್ಕ ಮುರದಂಗ ಇರತೈತಲ್ರಿ, ಅದು."

ನನ್ನ ಕೈಯಲ್ಲಿದ್ದ ಮರ ಉಜ್ಜುವ ಅರವನ್ನು ಕೆಳಗಿಟ್ಟೆ. ಕೊರಳು ಹಿಂದಕ್ಕೆ ಮುರಿದಂತೆ ಕಾಣುವ ವಾದ್ಯ ಒಂದೇ. ಐರೋಪ್ಯ ರೆನೆಸಾನ್ಸ್ ಕಾಲದ ಲೂಟ್.

"ಏನಾಗೇತಿ ಅದಕ್ಕ?"

"ಏನೂ ಆಗಿಲ್ರಿ. ಯಾರೂ ಮುಟ್ಟಲಾರದ ತಾನ ಹಾಡಾಕತ್ತೈತಿ."

ಹೆಂಗಸಿನ ಹೆಸರು ನೀಲವ್ವ. ಗಜೇಂದ್ರಗಡದ ನೇಕಾರರ ಮನೆ. ಅವಳ ಗಂಡ ಮುತ್ತಪ್ಪ ಪಕ್ಕದ ಲಕ್ಕಲಕಟ್ಟಿಯವನು. ಹುಡುಗನಾಗಿದ್ದಾಗ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋದವನು, ಮುದುಕ ಸಂಗೀತಗಾರನೊಬ್ಬನ ಮನೆಯಲ್ಲಿ ತೋಟ ನೋಡಿಕೊಳ್ಳಲು ನಿಂತ. ಮುದುಕ ಅವನಿಗೆ ಲೂಟ್ ಕಲಿಸಿದ. ಸಾಯುವ ಮೊದಲು ವಾದ್ಯವನ್ನೂ ಅವನಿಗೇ ಕೊಟ್ಟ. ಮುತ್ತಪ್ಪ ಊರಿಗೆ ಬಂದು, ನೀಲವ್ವನನ್ನು ಮದುವೆಯಾಗಿ, ಹೆಂಡತಿಯ ಮನೆಯಲ್ಲೇ ಉಳಿದು ನೇಯ್ಗೆ ಕಲಿತ. ಸಂಜೆ ಮಗ್ಗ ನಿಂತ ಮೇಲೆ ದಿನಾ ಲೂಟ್ ನುಡಿಸುತ್ತಿದ್ದ. ಓಣಿಯವರಿಗೆ ಆ ಪರದೇಶದ ಹಾಡುಗಳು ಅಭ್ಯಾಸವಾಗಿ ಹೋಗಿದ್ದವು. ಹಿಂದಿನ ವರ್ಷ ಅವನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ದವಾಖಾನೆಯಿಂದ ಮನೆಗೆ ತಂದು ಹೊರಸಿನ ಮೇಲೆ ಮಲಗಿಸಿದ ಸ್ವಲ್ಪ ದಿನಕ್ಕೆ ಗೋಡೆಯ ಮೇಲಿನ ಲೂಟ್ ಹಾಡಲು ಶುರು ಮಾಡಿತು.

"ಅದು ಹಾಡಾಕ ಹತ್ತಿದ ಕೂಡ್ಲೇ ಇವರ ಬಾಯಿ ತೆರಿತೈತ್ರಿ" ಎಂದಳು. "ನಮ್ಮಣ್ಣ ಅಮಾಸಿಗೆ ಅದನ್ನ ಒಲಿಗೆ ಹಾಕತೇನಿ ಅನ್ನಾಕತ್ತಾನ. ಒಮ್ಮಿ ಬಂದು ನೋಡ್ರಿ. ಅದನ್ನ ಸುಟ್ರ ಇವರೂ ಹೋಗ್ತಾರನ್ನೂ ಅಂಜಿಕಿ ನನಗ."

ಧಾರವಾಡದಿಂದ ನರಗುಂದ, ಅಲ್ಲಿಂದ ರೋಣ, ರೋಣದಿಂದ ಗಜೇಂದ್ರಗಡ. ಬಸ್ಸಿನ ಕಿಟಕಿಯ ಎರಡೂ ಬದಿಗೆ ಬಿರುಕು ಬಿಟ್ಟ ಕರಿನೆಲ. ಊರು ಹತ್ತಿರ ಬಂದಂತೆ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ನಿಧಾನ ತಿರುಗುತ್ತಿದ್ದವು. ಮಧ್ಯಾಹ್ನ ಮನೆ ಮುಟ್ಟಿದೆ.

ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ನೀಲವ್ವ, ಇನ್ನೊಂದರಲ್ಲಿ ಅವಳ ಅಣ್ಣ ಸಂಗಪ್ಪ. ಮಗ್ಗಗಳ ಖಟಖಟದಲ್ಲಿ ಮಾತು ಕೇಳುತ್ತಿರಲಿಲ್ಲ. ಒಳಗಿನ ಕೋಣೆ ಕಿರಿದು, ತಂಪು, ಮಬ್ಬುಗತ್ತಲು. ಒಂದು ಗೋಡೆಗೆ ಹೊರಸು. ಹೊರಸಿನ ಎದುರಿನ ಗೋಡೆಯ ಗೂಟದಲ್ಲಿ ಲೂಟ್. ಮುತ್ತಪ್ಪ ಅದನ್ನೇ ನೋಡುತ್ತ ಮಲಗಿದ್ದ. ನಾನು ಅವನ ಮುಂದೆ ನಿಂತರೂ ಅವನ ನೋಟ ನನ್ನನ್ನು ದಾಟಿ ಅಲ್ಲಿಗೇ ಹೋಗುತ್ತಿತ್ತು.

ವಾದ್ಯವನ್ನು ಇಳಿಸಿ ನೋಡಿದೆ. ಲೂಟಿನ ಹೊಟ್ಟೆ ಕಲ್ಲಂಗಡಿಯ ಅರ್ಧ ಹೋಳಿನಂತೆ ಉಬ್ಬಿರುತ್ತದೆ. ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಒಂದಕ್ಕೊಂದು ಅಂಟಿಸಿ ಅದನ್ನು ಮಾಡುತ್ತಾರೆ. ಮುಂದಿನ ಹಲಗೆಯಲ್ಲಿ ಜಾಲರಿಯಂತೆ ಕೆತ್ತಿದ ದುಂಡನೆಯ ಕಂಡಿ. ತಂತಿ ಬಿಗಿಯುವ ಬಿರಡೆಗಳಿರುವ ತಲೆ ನೇರಕ್ಕಿರದೆ ಹಿಂದಕ್ಕೆ ಮಡಚಿಕೊಂಡಿರುತ್ತದೆ. ತಂತಿಗಳು ಆರು ಸಾಲು. ಎಲ್ಲಕ್ಕಿಂತ ಮೇಲಿನ ಸ್ವರದ್ದು ಒಂಟಿ, ಉಳಿದವೆಲ್ಲ ಜೋಡಿ. ಶ್ರುತಿ ಮಾಡುವ ಕ್ರಮ ನಮ್ಮವರಿಗೂ ಸುಲಭವಾಗಿ ತಿಳಿಯುವಂಥದ್ದು. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಷಡ್ಜದಿಂದ ಮಧ್ಯಮದಷ್ಟು ಅಂತರ. ನಟ್ಟನಡುವಿನ ಒಂದು ಕಡೆ ಮಾತ್ರ ಷಡ್ಜದಿಂದ ಗಾಂಧಾರದಷ್ಟು. ಸ್ವರ ಒತ್ತುವ ಜಾಗ ತೋರಿಸಲು ಸಿತಾರಿನಲ್ಲಿರುವಂತೆ ಲೋಹದ ಪರದೆಗಳಿಲ್ಲ. ಕರುಳಿನ ದಾರವನ್ನು ಕೊರಳಿಗೆ ಸುತ್ತಿ ಗಂಟು ಹಾಕಿರುತ್ತಾರೆ.

ಇಷ್ಟು ದಿನ ಗೋಡೆಯ ಮೇಲಿದ್ದ ವಾದ್ಯದ ಶ್ರುತಿ ಪೂರ್ತಿ ಕೆಟ್ಟಿರಬೇಕು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮೇಲಿನ ಐದು ಸಾಲು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಕೆಳಗಿನ ಆರನೆಯ ಜೋಡಿ ಮಾತ್ರ ಒಂದು ಸ್ವರ ಇಳಿದಿತ್ತು. ಅದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ. ಲೂಟಿನ ಹಳೆಯ ರಚನೆಗಳಲ್ಲಿ ಕೆಲವು ಆರನೆಯ ಜೋಡಿಯನ್ನು ಹಾಗೆ ಇಳಿಸಿಕೊಂಡೇ ನುಡಿಸುವಂಥವು. ಲಕ್ವಾ ಹೊಡೆಯುವ ಮೊದಲು ಮುತ್ತಪ್ಪ ಅಂಥದ್ದೇನೋ ನುಡಿಸಿರಬೇಕು, ತಂತಿ ಹಾಗೇ ಉಳಿದಿದೆ ಎಂದುಕೊಂಡು ವಾದ್ಯವನ್ನು ಮತ್ತೆ ಗೂಟಕ್ಕೆ ಹಾಕಿದೆ. ಹಾಡುವುದನ್ನು ಕೇಳದೆ ಏನನ್ನೂ ಮುಟ್ಟುವುದು ಬೇಡವೆನಿಸಿತು.

ಸಂಜೆಯಾಯಿತು. ಮಗ್ಗಗಳು ನಿಂತವು. ಇಡೀ ದಿನ ಖಟಖಟ ಕೇಳಿದ ಕಿವಿಗೆ ಆ ಮೌನ ಹತ್ತಿ ತುರುಕಿದಂತಿತ್ತು. ಸಂಗಪ್ಪ ಎದ್ದು ಹೊರಗಿನ ಕಟ್ಟೆಗೆ ಹೋದ. ನೀಲವ್ವ ಬಾಗಿಲಲ್ಲಿ ನಿಂತು, "ಈಗ ಶುರು ಆಗತೈತ್ರಿ. ನಾವ್ಯಾರೂ ಈ ಹೊತ್ತಿನ್ಯಾಗ ಒಳಗ ಇರೂದಿಲ್ಲ" ಎಂದಳು. ಅವಳೂ ಹೋದಳು. ಒಳಗೆ ನಾನು, ಮುತ್ತಪ್ಪ, ಗೋಡೆಯ ಮೇಲೆ ಲೂಟ್.

ಮೊದಲು ಕೇಳಿದ್ದು ಸ್ವರವಲ್ಲ, ಯಾರೋ ಉಸಿರು ಎಳೆದುಕೊಂಡಂತೆ ಒಂದು ಸುಯಿಲು. ಆಮೇಲೆ ಅದು ಮೆಲ್ಲಗೆ ತುಂಬಿಕೊಂಡು ಹೂಂಕಾರವಾಯಿತು. ತಂತಿಗಳು ಮಬ್ಬಾಗಿ ನಡುಗುತ್ತಿದ್ದವು. ನಾದ ಏರಿ, ಇಳಿದು, ಮತ್ತೆ ಏರಿತು. ಹತ್ತಿರ ಹೋಗಿ ವಾದ್ಯದ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಮಲಗಿದ ಹಸುವಿನ ಮೈ ಮುಟ್ಟಿದಂತಾಯಿತು. ನಾದದಲ್ಲಿ ಎರಡು ದನಿ ಇರುವಂತೆ ತೋರಿತು. ಒಂದು ನನ್ನ ಅಂಗೈಯ ಕೆಳಗೆ, ಇನ್ನೊಂದು ಬೆನ್ನ ಹಿಂದೆ. ಜೋಡಿ ತಂತಿಗಳಲ್ಲಿ ಹಾಗಾಗುವುದುಂಟು ಎಂದು ನನಗೇ ಹೇಳಿಕೊಂಡೆ. ತಿರುಗಿ ನೋಡಿದರೆ ಮುತ್ತಪ್ಪನ ಬಾಯಿ ತೆರೆದಿತ್ತು. ಕಣ್ಣು ಲೂಟಿನ ಮೇಲೆ. ಎಡಗೈಯ ಬೆರಳುಗಳು ಚಾದರದ ಮೇಲೆ ಒಂದೊಂದಾಗಿ ಏಳುತ್ತಿದ್ದವು, ಕೂಡುತ್ತಿದ್ದವು.

ವಾದ್ಯಗಳ ನಡುವೆಯೇ ಬದುಕಿದವಳು ನಾನು. ಆದರೂ ಆ ಕೋಣೆಯಿಂದ ಓಡಿಹೋಗಬೇಕೆನಿಸಿತು.

ಬಾಗಿಲ ಕಡೆ ತಿರುಗುತ್ತ ಲೂಟ್ ತೂಗಿದ್ದ ಗೋಡೆಗೆ ಕೈ ಊರಿದೆ. ಗೋಡೆಯೂ ನಡುಗುತ್ತಿತ್ತು.

ಹೊರಗೆ ಬಂದು, "ಈ ಗೋಡಿ ಆಚಿ ಏನೈತಿ?" ಎಂದು ಕೇಳಿದೆ.

"ಹಿಂದಿನ ಓಣಿ ಹಿಟ್ಟಿನ ಗಿರಣಿರಿ" ಎಂದ ಸಂಗಪ್ಪ. "ದಿನಾ ಸಂಜಿಗೆ ಶುರು ಮಾಡ್ತಾರ. ಅದು ನಾವು ಹುಟ್ಟೂದಕ್ಕಿಂತ ಮೊದಲಿಂದ ಐತಿ. ಅದೇನು ಇದನ್ನ ಹಾಡಸೂದಿಲ್ಲ."

ಸುತ್ತು ಹಾಕಿ ಗಿರಣಿಗೆ ಹೋಗಿ, ಸ್ವಲ್ಪ ಹೊತ್ತು ನಿಲ್ಲಿಸಿರೆಂದು ಕೇಳಿಕೊಂಡೆ. ಗಿರಣಿ ನಿಂತಿತು. ನೀಲವ್ವ ಒಳಗೆ ಹೋಗಿ ಬಂದು, "ಸುಮ್ಮನಾಗೇತ್ರಿ" ಎಂದಳು. ಇದಕ್ಕೆ ಅನುರಣನ ಎನ್ನುತ್ತಾರೆ. ಒಂದು ತಂತಿಯ ಸ್ವರಕ್ಕೆ ಸರಿಯಾಗಿ ಹೊಂದುವ ಸದ್ದು ಹೊರಗಿನಿಂದ ಬಂದರೆ ತಂತಿ ಮುಟ್ಟದೆಯೇ ನುಡಿಯುತ್ತದೆ. ಸಿತಾರಿನ ತರಫ್ ತಂತಿಗಳು ಇದೇ ಗುಣದಿಂದ ನುಡಿಯುವುದು. ಗಿರಣಿಯ ಹೂಂಕಾರ ಗೋಡೆಯಿಂದ ಗೂಟಕ್ಕೆ, ಗೂಟದಿಂದ ಲೂಟಿಗೆ ಬರುತ್ತಿತ್ತು. ಆರನೆಯ ಜೋಡಿ ಇಳಿದು ನಿಂತದ್ದು ಸರಿಯಾಗಿ ಆ ಸ್ವರಕ್ಕೆ. ಬೀಸುವ ಕಲ್ಲಿಗೆ ಕಾಳು ಬೀಳುವ ಭಾರ ಹೆಚ್ಚುಕಡಿಮೆಯಾದಂತೆ ನಾದ ಏರುತ್ತಿತ್ತು, ಇಳಿಯುತ್ತಿತ್ತು.

ಜೋಡಿಯನ್ನು ಒಂದು ಸ್ವರ ಮೇಲಕ್ಕೆ ಬಿಗಿದೆ. ಆ ಕಡೆಯ ಒಣಗಾಳಿಗೆ ಮರದ ಬಿರಡೆ ಸೊರಗಿ ಜಾರಬಹುದೆಂದು ಸೀಮೆಸುಣ್ಣ ಹಚ್ಚಿ ಭದ್ರ ಮಾಡಿದೆ. ಗಿರಣಿ ಮತ್ತೆ ಶುರುವಾಯಿತು. ಲೂಟ್ ಸುಮ್ಮನಿತ್ತು. ಸಂಗಪ್ಪ ಮೊದಲ ಸಲ ನಕ್ಕ. ಮುತ್ತಪ್ಪನ ಕಣ್ಣಿನಿಂದ ನೀರು ಇಳಿಯಿತು. ನೀಲವ್ವ ಸೆರಗಿನಿಂದ ಒರೆಸಿ, "ಧೂಳ ಬಿದ್ದಿರಬೇಕು" ಎಂದಳು. ನಾನೂ ಹಾಗೆಯೇ ತಿಳಿದು ಊರಿಗೆ ಮರಳಿದೆ.

ಒಂದು ವಾರ ಕಳೆದಿರಲಿಲ್ಲ, ಮತ್ತೆ ಫೋನು ಬಂತು.

"ಮತ್ತ ಹಾಡಾಕತ್ತೈತ್ರಿ ಅಕ್ಕಾರ. ನೀವು ಹ್ವಾದ ಎರಡ ದಿನಕ್ಕ ಶುರು ಆತು. ಅಣ್ಣ ಯಾರ ಮಾತೂ ಕೇಳವಲ್ಲ. ನಾಡದ ಅಮಾಸಿ."

ಮರುದಿನ ಬೆಳಗ್ಗೆಯ ಬಸ್ಸಿಗೇ ಹೊರಟೆ. ಹೋಗಿ ನೋಡಿದರೆ ಆರನೆಯ ಜೋಡಿ ಮತ್ತೆ ಒಂದು ಸ್ವರ ಕೆಳಗೆ. ಅದನ್ನು ಕಂಡಾಗ ನನಗೆ ಮೊದಲ ಸಂಜೆ ಲೂಟಿನ ನಾದ ಕೇಳಿದ್ದಕ್ಕಿಂತ ಹೆಚ್ಚು ಭಯವಾಯಿತು. ಆ ಜೋಡಿಯಲ್ಲಿ ಒಂದು ದಪ್ಪ ತಂತಿ, ಇನ್ನೊಂದು ಅದಕ್ಕಿಂತ ಒಂದು ಸಪ್ತಕ ಮೇಲಿನ ತೆಳು ತಂತಿ. ಎರಡಕ್ಕೂ ಬೇರೆ ಬೇರೆ ಬಿರಡೆ. ಬಿರಡೆ ತಾನಾಗಿ ಜಾರಿದರೆ ಒಂದು ಹೆಚ್ಚು, ಒಂದು ಕಡಿಮೆ ಜಾರುತ್ತದೆ. ಇಲ್ಲಿ ಎರಡೂ ಕೂದಲೆಳೆಯಷ್ಟೂ ತಪ್ಪದೆ ಒಂದಕ್ಕೊಂದು ಹೊಂದಿಕೊಂಡು ಇಳಿದಿದ್ದವು. ಜಾರಿದ್ದಲ್ಲ. ಯಾರೋ ಶ್ರುತಿ ಮಾಡಿದ್ದರು.

"ಇದನ್ನ ಯಾರ ಮುಟ್ಟಿದ್ರಿ?"

"ಮುಟ್ಟಾಕ ಯಾರಿಗೆ ಧೈರ್ಯ ಐತ್ರಿ?" ಎಂದ ಸಂಗಪ್ಪ. "ಅದಕ್ಕ ನಾ ಹೇಳೂದು, ಆ ಗೋವಾದ ಮುದಕ ಸತ್ತರೂ ತನ್ನ ಸಾಮಾನು ಬಿಟ್ಟಿಲ್ಲ. ಇವನ್ನ ಕರಕೊಂಡು ಹೋಗಾಕ ಬಂದಾನ. ಸುಡೂದ ಚಲೋ."

ಸಂಗಪ್ಪ ಮಗ್ಗಕ್ಕೆ ಹೋದ ಮೇಲೆ ಕೋಣೆಯನ್ನು ನಿಧಾನವಾಗಿ ನೋಡುತ್ತ ನಿಂತೆ. ಸುಣ್ಣ ಬಳಿದ ಗೋಡೆಯ ಮೇಲೆ ಹೊರಸಿನ ತಲೆದಿಂಬಿನಿಂದ ಪಕ್ಕದ ಗೋಡೆಗುಂಟ ಎದುರಿನ ಮೂಲೆಯವರೆಗೆ, ಮೂಲೆಯಿಂದ ಲೂಟಿನ ಗೂಟದವರೆಗೆ, ಭುಜದ ಎತ್ತರಕ್ಕೆ ಒಂದು ಪಟ್ಟಿ ಸವೆದು ನುಣ್ಣಗಾಗಿತ್ತು. ಏನೋ ಒಂದು ಗೋಡೆಗೆ ಮೈ ಒತ್ತಿಕೊಂಡು ಆ ದಾರಿಯಲ್ಲಿ ಮತ್ತೆ ಮತ್ತೆ ಹೋಗಿಬಂದ ಗುರುತು. ಮುತ್ತಪ್ಪನ ಅಂಗಿಯ ಎಡಭುಜ ನೋಡಿದೆ. ಬಿಳಿ ಸುಣ್ಣ.

ನೀಲವ್ವನನ್ನು ಹೊರಗೆ ಕರೆದು ಕೇಳಿದೆ. "ಇವರು ಎದ್ದು ನಿಂದ್ರತಾರೇನು?"

"ನಾವಿಬ್ಬರು ಹಿಡದು ಕುಂದರಸಬೇಕ್ರಿ. ವರ್ಷದ ಮ್ಯಾಲಾತು, ನಿಂತದ್ದು ನಾ ನೋಡಿಲ್ಲ."

"ನಿಮ್ಮಣ್ಣಗ ಮಗ್ಗ ನಿಲ್ಲಸಬ್ಯಾಡ ಅಂತ ಹೇಳವ್ವ. ನೀ ನನ್ನ ಸಂಗಾಟ ಬಾ."

ಎಲ್ಲರಿಗೂ ಕೇಳುವಂತೆ ನಾನು ಆರನೆಯ ಜೋಡಿಯನ್ನು ಮತ್ತೆ ಮೇಲಕ್ಕೆ ಬಿಗಿದು ಬಾರಿಸಿ ತೋರಿಸಿದೆ. ಆಮೇಲೆ ನೀಲವ್ವನೂ ನಾನೂ ಮಗ್ಗದ ಕೋಣೆಗೆ ಬಂದು, ಬಾಗಿಲ ಸಂದಿನಲ್ಲಿ ನಿಂತೆವು. ಎಲ್ಲರೂ ಕೆಲಸದಲ್ಲಿದ್ದಾರೆ ಎಂದು ಮುತ್ತಪ್ಪ ತಿಳಿಯುವಂತೆ ಸಂಗಪ್ಪನ ಮಗ್ಗ ಬಡಿದುಕೊಳ್ಳುತ್ತಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೊರಸಿನಿಂದ ಒಂದು ಕಾಲು ನೆಲಕ್ಕೆ ಇಳಿಯಿತು. ಮುತ್ತಪ್ಪ ಎಡಗೈಯಿಂದ ಗೋಡೆ ಹಿಡಿದು ಮೇಲೆದ್ದ. ಮುಖ ಗೋಡೆಗೆ ಒತ್ತಿಕೊಂಡಿತ್ತು. ಭುಜವನ್ನು ಸುಣ್ಣಕ್ಕೆ ಉಜ್ಜುತ್ತ, ಸತ್ತ ಕಾಲನ್ನು ಎಳೆಯುತ್ತ, ನೆರಳೊಂದು ಸರಿದಂತೆ ಅವನು ಗೋಡೆಯುದ್ದಕ್ಕೂ ಸರಿದ. ಮೂಲೆ ದಾಟಿದ. ನೀಲವ್ವ ನನ್ನ ತೋಳನ್ನು ಹಿಡಿದದ್ದು ಮಾರನೆಯ ದಿನವೂ ನೋಯುತ್ತಿತ್ತು. ಲೂಟಿನ ಬಳಿ ನಿಂತು ಅವನು ಅದರ ಹೊಟ್ಟೆಗೆ ಕೆನ್ನೆ ಇಟ್ಟ. ಎಡಗೈ ಕೊರಳಿನ ಮೇಲೆ ಹತ್ತಿ ಹಿಂದಕ್ಕೆ ಮಡಚಿದ ತಲೆಯನ್ನು ತಲುಪಿತು. ಬಿರಡೆ ತುಸು ತಿರುವಿದ. ಕೈ ಇಳಿಸಿ ಹೆಬ್ಬೆರಳಿನಿಂದ ತಂತಿ ಮುಟ್ಟಿದ. ಮತ್ತೆ ತಿರುವಿದ. ಪಕ್ಕದ ಬಿರಡೆಯನ್ನೂ ಹಾಗೆಯೇ ಇಳಿಸಿದ. ಮಗ್ಗದ ಸದ್ದಿನಲ್ಲಿ ನಮಗೆ ಏನೂ ಕೇಳುತ್ತಿರಲಿಲ್ಲ. ಅವನಿಗೆ ಮರದ ಮೂಲಕ ಕೇಳುತ್ತಿತ್ತು. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಗಿರಣಿಯ ಸ್ವರವನ್ನು ಅವನು ನೆನಪಿನಿಂದಲೇ ಹುಡುಕುತ್ತಿದ್ದ.

ಆಗ ನನಗೆ ಅರ್ಥವಾಯಿತು. ಲೂಟಿನಲ್ಲಿ ಎಡಗೈ ಸ್ವರವನ್ನು ಒತ್ತುತ್ತದೆ, ನಾದ ಎಬ್ಬಿಸುವುದು ಬಲಗೈ. ಅವನ ಬಲಗೈ ಸತ್ತಿತ್ತು. ಎಡಗೈಯ ಹೆಬ್ಬೆರಳು ಒಮ್ಮೆ ತಂತಿ ಮೀಟಬಲ್ಲುದು ಅಷ್ಟೇ, ವಾದ್ಯವನ್ನು ಹಾಡಿಸಲಾರದು. ಬಲಗೈಯ ಕೆಲಸವನ್ನು ಗಿರಣಿಯಿಂದ ಮಾಡಿಸಿಕೊಳ್ಳಲು ಅವನು ತಂತಿಯನ್ನು ಅದರ ಸ್ವರಕ್ಕೆ ಇಳಿಸಿದ್ದ.

ನೀಲವ್ವ ಒಳಗೆ ಓಡಿದಳು. "ನಿಂತೀರೇನ್ರಿ? ನೀವ ನಿಂತೀರೇನ್ರಿ?" ಎನ್ನುತ್ತ ಹಿಂದಿನಿಂದ ಅಪ್ಪಿ ಹಿಡಿದಳು. ಅವನು ಬೆಚ್ಚಿ ಕುಸಿಯುವುದರಲ್ಲಿದ್ದ. ಇಬ್ಬರೂ ಗೋಡೆಗೆ ಒರಗಿ ನಿಧಾನವಾಗಿ ನೆಲಕ್ಕೆ ಕೂತರು. ಸಂಗಪ್ಪ ಮಗ್ಗ ಬಿಟ್ಟು ಬಂದ. ತಂಗಿಯ ಗಂಡ ನೆಲದ ಮೇಲೆ, ಲೂಟಿನ ಕೆಳಗೆ ಕೂತದ್ದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಇವತ್ತ ಯಾರೂ ಹೊರಗ ಹೋಗಬ್ಯಾಡ್ರಿ" ಎಂದೆ. "ಒಳಗ ಕೂತು ಕೇಳೂಣು."

ಸಂಜೆ ಗಿರಣಿ ಶುರುವಾಯಿತು. ಸುಯಿಲು ಬಂತು, ಹೂಂಕಾರ ತುಂಬಿತು. ಮುತ್ತಪ್ಪ ಬಾಯಿ ತೆರೆದ. ಈ ಸಲ ನಾನು ಲೂಟಿನ ಬಳಿ ಹೋಗದೆ ಅವನ ಪಕ್ಕದಲ್ಲೇ ಕೂತಿದ್ದೆ. ಬೆನ್ನ ಹಿಂದೆ ಕೇಳಿದ್ದ ಎರಡನೆಯ ದನಿ ಅವನದಾಗಿತ್ತು. ಬಾಯಿಂದ ಮಾತು ಹೊರಡದವನು ತಂತಿಯ ಸ್ವರವನ್ನೇ ಹಿಡಿದು, ತಪ್ಪದೆ, ಉಸಿರು ಮುಗಿಯುವವರೆಗೂ ಹಾಡುತ್ತಿದ್ದ. ಒಂದು ವರ್ಷದಿಂದ ದಿನಾ ಹಾಡಿದ್ದ. ಆ ಹೊತ್ತಿಗೆ ಮನೆಯವರೆಲ್ಲ ಅಂಜಿ ಹೊರಗಿನ ಕಟ್ಟೆಯಲ್ಲಿರುತ್ತಿದ್ದರು.

"ನಾ ಇವನ ದನಿ ಸುಡಾಕ ಹೊಂಟಿದ್ದೆನಲ್ಲೋ ಯಪ್ಪಾ" ಎಂದು ಸಂಗಪ್ಪ ನೆಲಕ್ಕೆ ಕೂತ.

ಮುಂದಿನ ಕೆಲಸ ನನ್ನದಾಗಿತ್ತು. ಗೂಟವನ್ನು ಕಿತ್ತು, ಅದೇ ಗೋಡೆಯಲ್ಲಿ ಕೂತವರ ಕೈಗೆ ಎಟಕುವಷ್ಟು ಕೆಳಗೆ ಹೊಡೆಸಿ, ಹೊರಸನ್ನು ಅದರ ಪಕ್ಕಕ್ಕೆ ಸರಿಸಿದೆ. ಸವೆದ ಪರದೆಗಳನ್ನು ಬಿಚ್ಚಿ ಹೊಸ ದಾರ ಕಟ್ಟಿದೆ. ಆಮೇಲೆ ತಿಂಗಳಿಗೊಮ್ಮೆ ಗಜೇಂದ್ರಗಡಕ್ಕೆ ಹೋಗುವುದು ರೂಢಿಯಾಯಿತು. ಲೂಟನ್ನು ಮುತ್ತಪ್ಪನ ತೊಡೆಯ ಮೇಲಿಟ್ಟು, ನೀಲವ್ವನನ್ನು ಬಲಕ್ಕೆ ಕೂರಿಸಿ ಹೆಬ್ಬೆರಳು, ತೋರುಬೆರಳಿನಿಂದ ತಂತಿ ಮೀಟುವುದನ್ನು ಕಲಿಸಿದೆ. ಅವನು ಎಡಗೈಯಿಂದ ಸ್ವರ ಒತ್ತುವನು, ಅವಳು ಬಲಗೈಯಿಂದ ಮೀಟುವಳು. ಮೊದಮೊದಲು ಅವಳು ತಪ್ಪು ತಂತಿ ಮೀಟಿದರೆ ಅವನ ಹುಬ್ಬು ಗಂಟಾಗುತ್ತಿತ್ತು. "ಮದಲಿನಂಗ ಸಿಟ್ಟು ಬರತೈತ್ರಿ ಇವರಿಗೆ" ಎಂದು ಅವಳು ನಗುತ್ತಿದ್ದಳು.

ಯಾವ ರಚನೆ ಕಲಿಸಬೇಕೆನ್ನುವುದು ದೊಡ್ಡ ಪ್ರಶ್ನೆಯಾಯಿತು. ಲೂಟಿನ ಸಂಗ್ರಹ ದೊಡ್ಡದು. ನಿಧಾನ ನಡಿಗೆಯ ಪವಾನ್, ಕುಣಿಯುವ ಗ್ಯಾಲಿಯಾರ್ಡ್, ಆಲಾಪದಂತೆ ಹಬ್ಬುವ ಫ್ಯಾಂಟಸಿ. ಹೆಚ್ಚಿನವು ಸಾಮಾನ್ಯ ಶ್ರುತಿಯವು. ಸುಲಭವಾದ ಒಂದು ಕುಣಿತಕ್ಕಾಗಿ ನಾನು ಆರನೆಯ ಜೋಡಿಯನ್ನು ಮೇಲಕ್ಕೆ ಬಿಗಿಯಹೋದೆ. ಮುತ್ತಪ್ಪ ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದ. ಸಿಟ್ಟಿನಿಂದಲ್ಲ, ಆದರೆ ಬಿಡಲೂ ಇಲ್ಲ. ಧಾರವಾಡಕ್ಕೆ ಬಂದು ಪೋರ್ಚುಗಲ್ಲಿನಿಂದ ತಂದಿದ್ದ ಲೂಟಿನ ರಚನೆಗಳ ಪ್ರತಿಗಳನ್ನೆಲ್ಲ ಹರಡಿ, ಆರನೆಯ ಜೋಡಿ ಇಳಿಸಿಕೊಂಡೇ ನುಡಿಸುವ ರಚನೆಗಳನ್ನಷ್ಟೇ ಆರಿಸಿದೆ. ಸಿಕ್ಕಿದ್ದು ಸ್ವಲ್ಪವೇ. ಅವರಿಬ್ಬರಿಗೆ ಅಷ್ಟು ಸಾಕಾಯಿತು.

ಮಾತು ಅವನಿಗೆ ಮರಳಲಿಲ್ಲ. ಅದನ್ನು ಹೇಳಬೇಕು, ಇಲ್ಲದಿದ್ದರೆ ಕತೆ ಸುಳ್ಳಾಗುತ್ತದೆ. ಆದರೆ ಒಂದು ಸಂಜೆ ನೀಲವ್ವ ಫೋನು ಮಾಡಿದಳು. ದನಿ ಸಣ್ಣಗಿತ್ತು.

"ಅಕ್ಕಾರ, ಗಿರಣಿ ಮಾಲಕರ ಮನ್ಯಾಗ ಯಾರೋ ತೀರಕೊಂಡಾರ್ರಿ. ಇವತ್ತ ಗಿರಣಿ ಬಂದ್. ಆದ್ರೂ ಲೂಟ್ ಹಾಡಾಕತ್ತೈತಿ."

ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ. "ಒಳಗ ಯಾರ ಅದಾರ?"

"ಇವರೊಬ್ಬರ. ನಾ ಹೊರಗಿಂದ ಬಂದೆ. ಬಾಗಿಲದಾಗ ನಿಂತೇನಿ. ಇವರು ಅದರ ಕಡೆ ಮಾರಿ ಮಾಡಿ ಕೂತು ದನಿ ತಗದಾರ್ರಿ. ಇವರು ನಿಲ್ಲಿಸಿದ ಮ್ಯಾಲೂ ಅದು ಸ್ವಲ್ಪ ಹೊತ್ತು ನುಡಿತೈತಿ. ಮತ್ತ ಇವರು ತಗೀತಾರ, ಮತ್ತ ಅದು ನುಡಿತೈತಿ." ಅವಳು ಫೋನನ್ನು ಒಳಗೆ ಹಿಡಿದಳು. ಕೇಳಿತು.

ನಾನು ನಿವೃತ್ತಳಾಗುವವರೆಗೂ ನನ್ನ ಮೇಜಿನ ಮೇಲೆ ಶ್ರುತಿ ತಪ್ಪಿದ ವಾದ್ಯಗಳು ಬರುತ್ತಲೇ ಇದ್ದವು. ಮೊದಲಾದರೆ ಬಂದ ಕೂಡಲೇ ಬಿರಡೆಗೆ ಕೈ ಹಾಕುತ್ತಿದ್ದೆ. ಗಜೇಂದ್ರಗಡಕ್ಕೆ ಹೋಗಿಬಂದ ಮೇಲೆ ಹಾಗೆ ಮಾಡಲಿಲ್ಲ. ತಂದವರನ್ನು ಕೂರಿಸಿ, ಇದನ್ನು ಹೀಗೆ ಇಟ್ಟವರು ಯಾರು, ಅವರು ಈಗ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಹಲವರು ಸುಮ್ಮನೆ ಕೆಟ್ಟಿದೆ ಎನ್ನುತ್ತಿದ್ದರು. ಒಬ್ಬಿಬ್ಬರು ತಂತಿಯನ್ನು ಒಮ್ಮೆ ಮೀಟಿ ನೋಡಿ, ಹಾಗೇ ಇರಲಿ ಬಿಡಿ ಎಂದು ವಾದ್ಯವನ್ನು ಎತ್ತಿಕೊಂಡು ಹೊರಟುಹೋಗುತ್ತಿದ್ದರು. ಅಂಥವರನ್ನು ನಾನು ಬಾಗಿಲವರೆಗೆ ಕಳಿಸಿಬರುತ್ತಿದ್ದೆ.